ಬಣ್ಣದ ಕೆಳಗಿನ ತುಕ್ಕು

ಕಾರಿನ ವಿಷಯವೆಂದು ತಿಳಿದು ಪುಟ ತಿರುವಬೇಡಿ ಸಹೋದರಿಯರೇ. ಕಾರು ಕೊಳ್ಳುವುದು, ಮಾರುವುದು ಗಂಡಸರ ಕೆಲಸವೆಂದು ನಾನೂ ಬಹಳ ಕಾಲ ಅಂದುಕೊಂಡಿದ್ದೆ. ಆದರೆ ಆ ಕಾರಿಗೆ ಕೊಡುವ ಹಣದಲ್ಲಿ ನಿಮ್ಮ ಬಳೆಯೂ ಸೇರಿರುತ್ತದೆ. ಅದರ ಹಿಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂರುವವರೂ ನೀವೇ. ಆದ್ದರಿಂದ ನಮ್ಮ ಮನೆಯಲ್ಲಿ ನಡೆದುದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮದು ಬಾಗಲಕೋಟೆ ಜಿಲ್ಲೆಯ ಕಮತಗಿ. ಮಗ್ಗದ ಸದ್ದಿನ ಊರು. ನಮ್ಮವರದು ಸೀರೆ ವ್ಯಾಪಾರ. ನೇಕಾರರಿಂದ ಇಳಕಲ್ ಸೀರೆಗಳನ್ನು ಕೊಂಡು ಸುತ್ತಲಿನ ಊರುಗಳ ಅಂಗಡಿಗಳಿಗೆ ಕೊಡುತ್ತಾರೆ. ಅದಕ್ಕೆ ಒಂದು ಬೈಕು ಸಾಕಾಗಿತ್ತು. ಆದರೆ 2021ರಲ್ಲಿ ನನ್ನ ಅತ್ತೆಯವರ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಎರಡು ಬಾರಿ ಬಾಗಲಕೋಟೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕಾಯಿತು. ನಾಲ್ಕು ಗಂಟೆ ಯಂತ್ರಕ್ಕೆ ಮೈಯೊಡ್ಡಿ ಬಸವಳಿದ ಆ ಜೀವವನ್ನು ಮತ್ತೆ ಬಸ್ಸಿನ ನೂಕುನುಗ್ಗಲಿನಲ್ಲಿ ನಿಲ್ಲಿಸಿಕೊಂಡು ಬರುವುದು ಎಷ್ಟು ಕಷ್ಟವೆಂಬುದು ಅನುಭವಿಸಿದವರಿಗೇ ಗೊತ್ತು. ಒಂದು ಕಾರು ಬೇಕೇ ಬೇಕೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದೆವು.

ಹೊಸ ಕಾರು ಕೊಳ್ಳುವಷ್ಟು ಹಣ ನಮ್ಮಲ್ಲಿರಲಿಲ್ಲ. ಬ್ಯಾಂಕಿನಿಂದ ಸಾಲ ತೆಗೆದರೆ ಬಡ್ಡಿ. ಅದು ಬೇಡವೆಂದು ನಾವಿಬ್ಬರೂ ಮದುವೆಯಾದ ವರ್ಷವೇ ನಿಶ್ಚಯ ಮಾಡಿಕೊಂಡಿದ್ದೆವು. ಉಳಿದದ್ದು ಹಳೆಯ ಕಾರಿನ ದಾರಿ. ನಮ್ಮವರು ಕೂಡಿಟ್ಟ ಹಣಕ್ಕೆ ನನ್ನ ಎರಡು ಬಳೆ ಮಾರಿದ ಹಣವೂ ಸೇರಿ ಒಂದು ಲಕ್ಷ ಮೂವತ್ತೈದು ಸಾವಿರ ಆಯಿತು. ಡಿಸೆಂಬರಿನ ಒಂದು ಶುಕ್ರವಾರ ಜುಮಾ ನಮಾಝಿನ ನಂತರ ದಲ್ಲಾಳಿಯೊಬ್ಬನ ಮೂಲಕ ಕಾರು ಮನೆ ಬಾಗಿಲಿಗೆ ಬಂತು. ಹನ್ನೆರಡು ವರ್ಷ ಹಳೆಯದು. ಆದರೆ ಮೈಮೇಲೆ ಒಂದು ಗೀರೂ ಇಲ್ಲ. ಹೊಸ ಬಿಳಿ ಬಣ್ಣ ಬಿಸಿಲಿಗೆ ಥಳಥಳಿಸುತ್ತಿತ್ತು. ಒಳಗೆ ಹೊಸ ಸೀಟ್ ಕವರು, ಕೆಳಗೆ ಹೊಸ ಮ್ಯಾಟು. ನಮ್ಮವರು ಅಮೀನಗಡದಿಂದ ಕರದಂಟು ತಂದು ಓಣಿಗೆಲ್ಲ ಹಂಚಿದರು. ಬಡ್ಡಿಯ ಸೋಂಕಿಲ್ಲದ ಹಣದಲ್ಲಿ ಬಂದ ಕಾರು ಎಂದು ನಾನು ಅಂದು ರಾತ್ರಿ ಅಲ್ಲಾಹನಿಗೆ ಶುಕ್ರ್ ಹೇಳಿ ಮಲಗಿದೆ.

ಚಳಿಗಾಲ, ಬೇಸಿಗೆ ಕಳೆದವು. ಮಳೆಗಾಲದ ಮೊದಲ ವಾರವೇ ಹಿಂದಿನ ಸೀಟಿನ ಕೆಳಗಿನ ಮ್ಯಾಟು ಒದ್ದೆಯಾಗತೊಡಗಿತು. ಎಷ್ಟು ಬಿಸಿಲಿಗೆ ಹಾಕಿದರೂ ಮುಗ್ಗಲು ವಾಸನೆ ಹೋಗಲಿಲ್ಲ. ಹಿಂದಿನ ಎಡಬಾಗಿಲು ಎರಡೆರಡು ಬಾರಿ ಬಡಿದರಷ್ಟೇ ಮುಚ್ಚುತ್ತಿತ್ತು. ರಸ್ತೆ ನೇರವಿದ್ದರೂ ಸ್ಟೀರಿಂಗ್ ಎಡಕ್ಕೇ ಎಳೆಯುತ್ತದೆ ಎಂದು ನಮ್ಮವರು ಹೇಳುತ್ತಿದ್ದರು. ಒಂದು ದಿನ ಅತ್ತೆಯವರನ್ನು ಆಸ್ಪತ್ರೆಯಲ್ಲಿ ಬಿಟ್ಟು, ಆ ನಾಲ್ಕು ಗಂಟೆಯ ಬಿಡುವಿನಲ್ಲಿ ನಾವಿಬ್ಬರೂ ಕಾರನ್ನು ಗ್ಯಾರೇಜಿಗೆ ಒಯ್ದೆವು.

ಅಲ್ಲಿನ ಮಿಸ್ತ್ರಿ ವಯಸ್ಸಾದವರು. ಕಾರನ್ನು ಮೇಲೆತ್ತಿ, ಬ್ಯಾಟರಿ ಹಿಡಿದು ಕೆಳಗೆ ಹೋದವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಸ್ಕ್ರೂಡ್ರೈವರಿನಿಂದ ಬಾಗಿಲ ಕೆಳಗಿನ ಪಟ್ಟಿಯನ್ನು ಮೆಲ್ಲಗೆ ಚುಚ್ಚಿದರು. ಅದು ಹಪ್ಪಳದಂತೆ ಮುರಿದು, ಒಳಗಿನಿಂದ ಒಣಗಿದ ಕೆಸರು ಉದುರಿತು.

“ನೋಡವ್ವಾ ತಂಗಿ, ಇದು ಮಾರಿಗೆ ಪೌಡರ್ ಹಚ್ಚಿದಂಗ ಐತಿ. ಗಾಡಿ ಎಲ್ಲೋ ಹೊಳಿ ನೀರು ಕುಡದೈತಿ. ಮುಂದ ಒಂದ್ಸಲ ಬಡದೂ ಐತಿ. ಬಗ್ಗಿದ್ದನ್ನ ಕಾಸಿ ಸೀದಾ ಮಾಡ್ಯಾರ. ಕೆಳಗ ತಗಡು ಹಚ್ಚಿ, ಮ್ಯಾಲ ಕರಿ ಬಣ್ಣ ಬಳದಾರ” ಎಂದರು.

“ಬಾಡಿ ತಾನೇ ಕಾಕಾ, ಇಂಜಿನ್ ಚೆನ್ನಾಗಿದೆಯಲ್ಲ?” ಎಂದು ನಾನು ಕೇಳಿದೆ.

ಅವರು ನಕ್ಕರು. “ಹಳೇ ಜೀಪಿಗೆ ಚಾಸಿ ಬ್ಯಾರೆ, ಬಾಡಿ ಬ್ಯಾರೆ ಇರತಿತ್ತವ್ವಾ. ಈ ಕಾರಿಗೆ ಬಾಡೀನ ಚಾಸಿ.”

ಸಹೋದರಿಯರೇ, ಈ ಒಂದು ಮಾತಿನ ಅರ್ಥ ಮೊದಲೇ ತಿಳಿದಿದ್ದರೆ ನನ್ನ ಬಳೆಗಳು ಉಳಿಯುತ್ತಿದ್ದವು. ಆಮೇಲೆ ನಾನು ಓದಿ, ಕೇಳಿ ತಿಳಿದುಕೊಂಡುದನ್ನು ನಿಮಗೂ ಹೇಳುತ್ತೇನೆ.

ಲಾರಿಯನ್ನು ನೋಡಿ. ಕೆಳಗೆ ಏಣಿಯಂತೆ ಎರಡು ಉದ್ದದ ಉಕ್ಕಿನ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ಇಂಜಿನ್, ಚಕ್ರ, ಅಚ್ಚು ಎಲ್ಲವೂ ಅದಕ್ಕೇ ಜೋಡಣೆ. ಅದೇ ಚಾಸಿ. ಮೇಲಿನ ಕ್ಯಾಬಿನ್ ಮತ್ತು ಡಬ್ಬಿಯನ್ನು ಬೋಲ್ಟು ಹಾಕಿ ಕೂರಿಸಿರುತ್ತಾರೆ. ಹಳೆಯ ಜೀಪುಗಳೂ ಹೀಗೆಯೇ ಇದ್ದವು. ಇಂದಿಗೂ ಬೊಲೆರೊದಂತಹ ಗಾಡಿಗಳು ಈ ಪದ್ಧತಿಯಲ್ಲೇ ತಯಾರಾಗುತ್ತವೆ. ಇಂತಹ ಗಾಡಿಯಲ್ಲಿ ಮೇಲಿನ ತಗಡು ತುಕ್ಕು ಹಿಡಿದರೂ ಬೆನ್ನೆಲುಬು ಕೆಳಗೆ ಬೇರೆಯಾಗಿ ಇರುತ್ತದೆ.

ಸಣ್ಣ ಕಾರುಗಳಲ್ಲಿ ಹಾಗಲ್ಲ. ಉಕ್ಕಿನ ಹಾಳೆಗಳನ್ನು ಭಾರೀ ಅಚ್ಚುಗಳಲ್ಲಿ ಒತ್ತಿ, ನೆಲ, ಬಾಗಿಲ ಕೆಳಗಿನ ಪಟ್ಟಿ, ಕಂಬಗಳು, ಚಾವಣಿ ಇವನ್ನೆಲ್ಲ ಸಾವಿರಾರು ಚುಕ್ಕಿ ಬೆಸುಗೆಗಳಿಂದ ಸೇರಿಸಿ ಒಂದೇ ಚಿಪ್ಪು ಮಾಡುತ್ತಾರೆ. ಈಗಿನ ಕಾರ್ಖಾನೆಗಳಲ್ಲಿ ಈ ಬೆಸುಗೆಯ ಕೆಲಸವನ್ನು ಹೆಚ್ಚಾಗಿ ರೋಬೋಟುಗಳೇ ಮಾಡುತ್ತವೆ. ಇದಕ್ಕೆ ಮೊನೊಕಾಕ್ ಎನ್ನುತ್ತಾರೆ. ಇದು ಇಂದು ನಿನ್ನೆಯದಲ್ಲ. ಇಟಲಿಯ ಲ್ಯಾನ್ಸಿಯಾ ಲ್ಯಾಂಬ್ಡಾ ಕಾರಿನಲ್ಲಿ 1922ರಲ್ಲೇ ಈ ವಿಧಾನ ಬಂದಿತ್ತು. ಗಟ್ಟಿ ಗಾಡಿಯೆಂದು ನಮ್ಮ ಹಿರಿಯರು ಹೊಗಳುತ್ತಿದ್ದ ಅಂಬಾಸಿಡರ್ ಕೂಡ ಬೇರೆ ಚಾಸಿ ಇದ್ದ ಕಾರಾಗಿರಲಿಲ್ಲ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಕೀಲಿಕೈ ಹಸ್ತಾಂತರಿಸಿದ ಮಾರುತಿ 800 ಈ ವಿಧಾನದ ಹಗುರ ಕಾರನ್ನು ಮಧ್ಯಮ ವರ್ಗದ ಮನೆಮನೆಗೂ ತಂದಿತು. 2014ರ ಜನವರಿಯವರೆಗೆ ಅದು ತಯಾರಾಗುತ್ತಿತ್ತು.

ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಕರದಂಟಿನ ಖಾಲಿ ರಟ್ಟಿನ ಡಬ್ಬಿಯನ್ನು ಮುಚ್ಚಿ ಎರಡೂ ಕೈಯಿಂದ ತಿರುಚಿ. ರಟ್ಟು ತೆಳುವಾಗಿದ್ದರೂ ಅದು ಸುಲಭಕ್ಕೆ ಮಣಿಯುವುದಿಲ್ಲ. ಈಗ ಅದರ ತಳವನ್ನು ಕತ್ತರಿಸಿ ಮತ್ತೆ ತಿರುಚಿ. ಚಿಂದಿ ಬಟ್ಟೆಯಂತೆ ತಿರುಗುತ್ತದೆ. ಆರು ಮುಖಗಳೂ ಸೇರಿ ಭಾರ ಹೊತ್ತಾಗ ಮಾತ್ರ ಡಬ್ಬಿಗೆ ಬಲ. ನಮ್ಮ ಕಾರಿನ ತಳ ತುಕ್ಕು ತಿಂದಿತ್ತು. ಎಡಬಾಗಿಲು ಮುಚ್ಚಲು ಹಟ ಹಿಡಿಯುತ್ತಿದ್ದುದು ಅದಕ್ಕೇ. ಡಬ್ಬಿಯೇ ಸೊಟ್ಟಗಾಗಿತ್ತು.

ನೇಯುವ ಊರಿನ ನನಗೆ ಇನ್ನೊಂದು ಹೋಲಿಕೆಯೂ ಹೊಳೆಯಿತು. ಇಳಕಲ್ ಸೀರೆಗೆ ಸೆರಗನ್ನು ಆಮೇಲೆ ಹೊಲಿದು ಸೇರಿಸುವುದಿಲ್ಲ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಜೋಡಣೆ ಸಡಿಲವಾದರೆ ಸೆರಗು ಎಷ್ಟೇ ಚಂದವಿದ್ದರೂ ಸೀರೆ ಬಾಳುವುದಿಲ್ಲ. ಮೇಲಿನಿಂದ ಇಸ್ತ್ರಿ ಹಾಕಿ ಮಡಚಿಟ್ಟರೆ ಕೊಳ್ಳುವವಳಿಗೆ ಅದು ಕಾಣುವುದೂ ಇಲ್ಲ.

“ಹಳೆ ಗಾಡಿ ಉಕ್ಕಿನಂಗ ಗಟ್ಟಿ, ಈಗಿನವು ಬರೇ ಡಬ್ಬಾ” ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಅಪಘಾತದಲ್ಲಿ ಹೊಸ ಕಾರಿನ ಮೂತಿ ನುಜ್ಜುಗುಜ್ಜಾದುದನ್ನು ಕಂಡು ನಾವು ಹಾಗೆನ್ನುತ್ತೇವೆ. ಆದರೆ ಅದು ನುಜ್ಜಾಗಲೆಂದೇ ಹಾಗೆ ಕಟ್ಟಿರುತ್ತಾರೆ. ಮಕ್ಕಳು ಚೆಂಡು ಹಿಡಿಯುವಾಗ ಕೈಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಾರಲ್ಲ, ಅದೇ ಉಪಾಯ. ಮುಂದಿನ ಭಾಗ ಮಡಚಿಕೊಳ್ಳುತ್ತಾ ಪೆಟ್ಟನ್ನು ನುಂಗುತ್ತದೆ. ಜನ ಕೂರುವ ನಡುವಿನ ಕೋಣೆ ಮಾತ್ರ ಗಟ್ಟಿಯಾಗಿ ನಿಲ್ಲಬೇಕು. ಮರ್ಸಿಡಿಸ್ ಬೆಂಜ್ ಕಂಪೆನಿಯ ಇಂಜಿನಿಯರ್ ಬೇಲಾ ಬರೆನ್ಯಿ ಈ ವಿಚಾರಕ್ಕೆ 1950ರ ದಶಕದ ಆರಂಭದಲ್ಲೇ ಪೇಟೆಂಟ್ ಪಡೆದಿದ್ದರು. 2009ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ವಿಮಾ ಸಂಸ್ಥೆಯೊಂದು 1959ರ ಷೆವರ್ಲೆ ಬೆಲ್ ಏರ್ ಎಂಬ ಭಾರೀ ಕಾರನ್ನೂ 2009ರ ಷೆವರ್ಲೆ ಮಾಲಿಬು ಕಾರನ್ನೂ ಎದುರುಬದುರಾಗಿ ಡಿಕ್ಕಿ ಹೊಡೆಸಿ ನೋಡಿತು. ಹಳೆಯ ಕಾರಿನ ಚಾಲಕನ ಕೋಣೆ ಕುಸಿದು ಬೊಂಬೆಯ ಮೇಲೆ ಬಿತ್ತು. ಹೊಸ ಕಾರಿನ ಮೂತಿ ಚೂರಾದರೂ ಕೋಣೆ ಉಳಿಯಿತು.

ಹಾಗೆಂದು ಹೊಸ ವಿಧಾನದ ಕಾರುಗಳೆಲ್ಲ ಭದ್ರವೆಂದೂ ಅಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಪರೀಕ್ಷಿಸಿದರು. ಏರ್‌ಬ್ಯಾಗ್ ಇಲ್ಲದ ಆ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಸೊನ್ನೆ. ಅವುಗಳಲ್ಲಿ ಕೆಲವುಗಳ ಚಿಪ್ಪೇ ಕುಸಿದಿತ್ತು. ಇನ್ನು ಕೆಲವುಗಳ ಚಿಪ್ಪು ಗಟ್ಟಿಯಾಗಿ ನಿಂತಿದ್ದರೂ ಏರ್‌ಬ್ಯಾಗ್ ಇರಲಿಲ್ಲ. ಆಮೇಲೆ ನಮ್ಮ ದೇಶದ ಕಾನೂನು ಬಿಗಿಯಾಯಿತು. 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೂ 2019ರ ಅಕ್ಟೋಬರಿನಿಂದ ಹಳೆಯ ಮಾದರಿಗಳಿಗೂ ಡಿಕ್ಕಿ ಪರೀಕ್ಷೆಯ ನಿಯಮ ಬಂತು. 2019ರಲ್ಲೇ ಎಬಿಎಸ್ ಬ್ರೇಕ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದವು. 2022ರಿಂದ ಮುಂದಿನ ಎರಡೂ ಸೀಟುಗಳಿಗೆ ಏರ್‌ಬ್ಯಾಗ್ ಬಂತು. ಭಾರತದ್ದೇ ಆದ ನಕ್ಷತ್ರ ಅಂಕದ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಆದ್ದರಿಂದ ಹಳೆಯ ಕಾರು ಕೊಳ್ಳುವಾಗ ತಯಾರಾದ ವರ್ಷವೆಂದರೆ ಬರೀ ಬೆಲೆ ಇಳಿಸುವ ಲೆಕ್ಕವಲ್ಲ. ಆ ಕಾರು ಯಾವ ಕಾನೂನಿನ ಕಾಲದಲ್ಲಿ ಹುಟ್ಟಿತು ಎಂಬುದನ್ನೂ ಅದು ಹೇಳುತ್ತದೆ.

ಇನ್ನೊಂದು ಮಾತು. ಈಗಿನ ಕಾರುಗಳ ಕಂಬ ಮತ್ತು ತೊಲೆಗಳಲ್ಲಿ ವಿಶೇಷವಾಗಿ ಹದ ಮಾಡಿದ ಬಲವಾದ ಉಕ್ಕು ಇರುತ್ತದೆ. ಅದನ್ನು ಗ್ಯಾಸಿನ ಬೆಂಕಿಯಲ್ಲಿ ಕೆಂಪಗೆ ಕಾಸಿ ಬಡಿದರೆ ಆಕಾರ ಮರಳಿ ಬರುತ್ತದೆ, ಹದ ಮರಳಿ ಬರುವುದಿಲ್ಲ. ಒಮ್ಮೆ ಬಗ್ಗಿ ನೇರವಾದ ತೊಲೆ ಮುಂದಿನ ಪೆಟ್ಟಿಗೆ ಹೇಗೆ ಮಡಚಿಕೊಳ್ಳುತ್ತದೆಂದು ಯಾರೂ ಹೇಳಲಾರರು.

ಇನ್ನು ನಮ್ಮ ಕಥೆಗೆ ಬರುತ್ತೇನೆ. ಸರಿಯಾಗಿ ರಿಪೇರಿ ಮಾಡಿಸಲು ಕಾರಿನ ಬೆಲೆಯಷ್ಟೇ ಖರ್ಚಾಗುತ್ತದೆ, ಆದರೂ ಮೊದಲಿನ ಬಲ ಬಾರದು ಎಂದರು ಮಿಸ್ತ್ರಿ. ದಲ್ಲಾಳಿಗೆ ಫೋನು ಮಾಡಿದರೆ, “ನೀವು ನೋಡೇ ತಗೊಂಡೀರಲ್ರಿ” ಎಂದು ಇಟ್ಟುಬಿಟ್ಟ. ಆಗ ನನಗೆ 2019ರ ಆಗಸ್ಟ್ ನೆನಪಾಯಿತು. ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲೂಕುಗಳ ಹೊಳೆದಂಡೆಯ ಊರುಗಳನ್ನು ನುಂಗಿದಾಗ ಎಷ್ಟೋ ಗಾಡಿಗಳು ದಿನಗಟ್ಟಲೆ ನೀರಿನಲ್ಲಿ ನಿಂತಿದ್ದವು. ನಮ್ಮದು ಯಾವ ಹೊಳೆಯ ನೀರು ಕುಡಿದಿತ್ತೋ ಅಲ್ಲಾಹನೇ ಬಲ್ಲ. ಆದರೆ ಅದನ್ನು ತೊಳೆದು, ತಗಡು ಹಚ್ಚಿ, ಬಣ್ಣ ಬಳಿದು ನಮಗೆ ಮಾರಿದವನಿಗೆ ಅದು ಗೊತ್ತಿತ್ತು.

ಒಂದು ವಾರ ಕಳೆಯುವುದರೊಳಗೆ ನಮ್ಮವರು ಹೇಳಿದರು: “ಒಬ್ಬ ಗಿರಾಕಿ ಸಿಕ್ಕಿದ್ದಾನೆ. ಒಂದು ಲಕ್ಷ ಇಪ್ಪತ್ತು ಸಾವಿರಕ್ಕೆ ಕೇಳುತ್ತಿದ್ದಾನೆ.” ನಾನು ಅವರ ಮುಖ ನೋಡಿದೆ. ಅವರು ಸುಳ್ಳು ಹೇಳುವವರಲ್ಲ. ಅದಕ್ಕೇ ತಲೆ ತಗ್ಗಿಸಿ, “ಅವನು ಕೇಳಿದರೆ ಎಲ್ಲ ಹೇಳೋಣ. ಕೇಳದಿದ್ದರೆ ಸುಮ್ಮನಿರೋಣ. ನಾವೇನೂ ಸುಳ್ಳು ಹೇಳುತ್ತಿಲ್ಲವಲ್ಲ” ಎಂದರು. ನಿಮ್ಮಿಂದ ಮುಚ್ಚಿಡುವುದಿಲ್ಲ ಸಹೋದರಿಯರೇ, ನಾನೂ ಒಪ್ಪಿದೆ. ಬಳೆ ಮಾರಿದ ಹಣ ಕಣ್ಣ ಮುಂದೆ ಬಂತು. ಅತ್ತೆಯವರು ಬಸ್ಸಿನಲ್ಲಿ ಕಂಬ ಹಿಡಿದು ನಿಲ್ಲುವ ಚಿತ್ರವೂ ಬಂತು. ನಮಗೂ ಯಾರೋ ಹೀಗೇ ಮಾಡಿದ್ದಾರಲ್ಲ ಎಂದು ಮನಸ್ಸು ಸಮಾಧಾನ ಹುಡುಕಿತು.

ಭಾನುವಾರ ಗಿರಾಕಿ ಬಂದ. ಹುನಗುಂದದ ಕಡೆಯ ಹುಡುಗ. ಜೊತೆಗೆ ಹೆಂಡತಿ, ಆಕೆಯ ತೋಳಿನಲ್ಲಿ ಮೂರು ತಿಂಗಳ ಕೂಸು. ಗಂಡಸರು ಕಾರಿನ ಸುತ್ತ ತಿರುಗುತ್ತಿದ್ದರು. ಬಾನೆಟ್ ತೆರೆದರು, ಇಂಜಿನ್ ಚಾಲೂ ಮಾಡಿದರು, ಟೈರು ಒದ್ದು ನೋಡಿದರು. ಹುಡುಗ ಒಂದನ್ನೂ ಸರಿಯಾಗಿ ಕೇಳಲಿಲ್ಲ. ಬಣ್ಣವನ್ನೇ ನೋಡುತ್ತಿದ್ದ, ನಾವು ನೋಡಿದ ಹಾಗೆಯೇ. ಆಕೆ ಹಿಂದಿನ ಸೀಟಿನಲ್ಲಿ ಎಡಬದಿಗೆ ಕೂತು, ಕೂಸನ್ನು ಮಡಿಲಲ್ಲಿ ಮಲಗಿಸಿ, ಜಾಗ ಸಾಕಾಗುತ್ತದೆಯೇ ಎಂದು ನೋಡಿದಳು. ಆಕೆಯ ಕಾಲ ಕೆಳಗೇ ಆ ತಗಡಿತ್ತು.

ಚಹಾ ಮಾಡಲೆಂದು ನಾನು ಒಳಗೆ ಹೋದೆ. ಕೂಸಿಗೆ ಹಾಲುಣಿಸಲು ಆಕೆಯೂ ಅಡುಗೆಮನೆಗೆ ಬಂದಳು. ಮಣೆಯ ಮೇಲೆ ಕೂತು, ಸೆರಗು ಸರಿಪಡಿಸಿಕೊಳ್ಳುತ್ತಾ, ಏನೋ ಮಾತಿಗೆಂದು ಕೇಳುವಂತೆ ಕೇಳಿದಳು: “ಅಕ್ಕಾರ, ಗಾಡಿ ಚಲೋ ಐತೇನ್ರಿ?”

ಕೇಳಿದರೆ ಹೇಳೋಣ ಎಂದಿದ್ದೆವು. ಕೇಳುವವನು ಗಂಡಸು, ಕೇಳುವುದು ಅಂಗಳದಲ್ಲಿ ಎಂದು ನಾವಿಬ್ಬರೂ ಭಾವಿಸಿದ್ದೆವು. ಇಲ್ಲಿ ಕೇಳಿದವಳು ನನ್ನ ತಂಗಿಯ ವಯಸ್ಸಿನ ಬಾಣಂತಿ. ಒಲೆಯ ಮೇಲೆ ಚಹಾ ಕುದಿದು ಉಕ್ಕಿತು. ನಾನು ಒಲೆ ಆರಿಸಿ, “ಇಲ್ಲವ್ವಾ, ಚಲೋ ಇಲ್ಲ” ಎಂದೆ. ಎಲ್ಲವನ್ನೂ ಹೇಳಿದೆ. ಆಕೆ ಕೂಸನ್ನು ಎದೆಗವಚಿಕೊಂಡು ಕೇಳುತ್ತಾ ಕೂತಳು. ಚಹಾ ಕುಡಿದು, ಗಂಡನನ್ನು ಒಳಗೆ ಕರೆದು, ಪಿಸುಮಾತಿನಲ್ಲಿ ಏನೋ ಹೇಳಿದಳು. ಅವರು ಹೊರಟುಹೋದರು.

ಮೂರು ದಿನ ನಮ್ಮವರು ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಅತ್ತೆಯವರು ಮಗನನ್ನು ಹಾಸಿಗೆಯ ಬಳಿ ಕರೆದರು. ಬಿಡಿಸಿ ಹೇಳುವ ತ್ರಾಣ ಅವರಿಗಿರಲಿಲ್ಲ. “ನಿನ್ನ ಅಬ್ಬಾ ಸೀರೆ ಮಾರುವಾಗ ಎಳೆ ತಪ್ಪಿದ್ದನ್ನು ಮೊದಲು ತೋರಿಸಿ, ಆಮೇಲೆ ಬೆಲೆ ಹೇಳುತ್ತಿದ್ದರು. ನಾನು ಬಸ್ಸಿನಲ್ಲೇ ಹೋಗುತ್ತೇನೆ ಬೇಟಾ” ಎಂದರು. ಅಷ್ಟೇ. ನಮ್ಮವರು ಎದ್ದು ಹೊರಗೆ ಹೋದರು. ಅಂದು ಇಶಾ ನಮಾಝ್ ಮುಗಿಸಿ ಬಂದವರು ನನ್ನೊಡನೆ ಮಾತಾಡಿದರು.

ಪ್ರವಾದಿವರ್ಯ ಮುಹಮ್ಮದ್(ಸ) ಅವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದ ಘಟನೆ ನಿಮಗೆಲ್ಲ ತಿಳಿದದ್ದೇ. ಮೇಲೆ ಒಣಗಿದ ಕಾಳು, ಒಳಗೆ ತೇವ. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಹಾಗಿದ್ದರೆ ಜನರಿಗೆ ಕಾಣುವಂತೆ ಒದ್ದೆಯನ್ನು ಮೇಲೆ ಇಡಬಾರದಿತ್ತೇ ಎಂದು ಕೇಳಿದರು; ಮೋಸ ಮಾಡುವವನು ತನ್ನವನಲ್ಲ ಎಂದು ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಬರುವ ಈ ಹದೀಸನ್ನು ನಾನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೆ. ಅದು ತೂಕದಲ್ಲಿ ವಂಚಿಸುವ ಅಂಗಡಿಯವರಿಗೆ ಹೇಳಿದ ಮಾತು ಎಂದುಕೊಂಡಿದ್ದೆ. ಆ ವ್ಯಾಪಾರಿಯೂ ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ ಎಂಬುದು ಹೊಳೆದದ್ದು ಆ ವಾರವೇ. ಅವನು ಸುಮ್ಮನಿದ್ದ, ಅಷ್ಟೇ.

ಇಮಾಮ್ ಅಬೂ ಹನೀಫಾ ಅವರು ಕೂಫಾದಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದರು. ಅವರ ಪಾಲುದಾರರು ದೋಷವಿದ್ದ ಬಟ್ಟೆಯನ್ನು ದೋಷ ತಿಳಿಸದೆ ಮಾರಿದಾಗ, ಕೊಂಡವನು ಯಾರೆಂದು ಪತ್ತೆಯಾಗದೆ, ಬಂದ ಹಣವನ್ನೆಲ್ಲ ಅವರು ಸದಕಾ ಮಾಡಿದರೆಂದು ಅವರ ಚರಿತ್ರೆಗಳಲ್ಲಿ ಬರುತ್ತದೆ. ಬಟ್ಟೆಯ ದೋಷದಿಂದ ಯಾರ ಜೀವವೂ ಹೋಗುವುದಿಲ್ಲ. ಕಾರಿನ ದೋಷದಿಂದ ಹೋಗುತ್ತದೆ. ಬಡ್ಡಿ ಇಲ್ಲದ ಹಣವೆಂದು ನಾನು ಹೆಮ್ಮೆಪಟ್ಟಿದ್ದೆ. ಹಣ ಶುದ್ಧವಿದ್ದರೆ ಸಾಲದು, ವ್ಯವಹಾರವೂ ಶುದ್ಧವಿರಬೇಕೆಂದು ಆ ತುಕ್ಕು ಹಿಡಿದ ಗಾಡಿ ಕಲಿಸಿತು.

ಕೊನೆಗೆ ಆ ಕಾರನ್ನು ಗುಜರಿಗೆ ಕೊಟ್ಟೆವು. ಬಂದದ್ದು ಇಪ್ಪತ್ತನಾಲ್ಕು ಸಾವಿರ. ಯಾರೂ ಅದಕ್ಕೆ ಮತ್ತೆ ಬಣ್ಣ ಬಳಿದು ಮಾರಬಾರದೆಂದು ಅದರ ನೋಂದಣಿಯನ್ನೂ ರದ್ದು ಮಾಡಿಸಿದೆವು. ಅತ್ತೆಯವರು ಏಳು ತಿಂಗಳು ಬಸ್ಸಿನಲ್ಲೇ ಹೋಗಿಬಂದರು. ಒಮ್ಮೆಯೂ ಗೊಣಗಲಿಲ್ಲ. 2023ರ ಮಾರ್ಚಿನಲ್ಲಿ ನನ್ನ ತಮ್ಮ ಕರ್ಜೆ ಹಸನವಾಗಿ ಕೊಟ್ಟ ಹಣವನ್ನೂ ಸೇರಿಸಿ, ಎರಡು ಲಕ್ಷ ಎಂಬತ್ತೈದು ಸಾವಿರಕ್ಕೆ ಇನ್ನೊಂದು ಹಳೆಯ ಕಾರು ಕೊಂಡೆವು. 2019ರ ಡಿಸೆಂಬರಿನಲ್ಲಿ ತಯಾರಾದದ್ದು. ಬಾಗಿಲ ಮೇಲೆ ಎರಡು ಗೀರುಗಳಿದ್ದವು, ಬಣ್ಣ ಮಾಸಿತ್ತು. ಮಾರಿದವರು ಆ ಗೀರು ಎಲ್ಲಿ, ಹೇಗೆ ಬಿತ್ತೆಂದು ತಾವಾಗಿಯೇ ಹೇಳಿದರು. ಈ ಬಾರಿ ಮಿಸ್ತ್ರಿ ಕಾಕಾರನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆವು. ನಾನೂ ಹೋಗಿದ್ದೆ.

ನೀವು ಹೋದಾಗ ಏನು ನೋಡಬೇಕೆಂದು ಹೇಳುತ್ತೇನೆ. ಇದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ.

ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಪರ್ಸಿನಲ್ಲಿಟ್ಟುಕೊಳ್ಳಿ. ಬಾಗಿಲು, ಚಕ್ರದ ಮೇಲಿನ ಭಾಗ, ಬಾಗಿಲ ಕೆಳಗಿನ ಪಟ್ಟಿ ಇಲ್ಲೆಲ್ಲ ತಾಗಿಸಿ ನೋಡಿ. ಉಕ್ಕಿದ್ದಲ್ಲಿ ಹಿಡಿಯುತ್ತದೆ, ದಪ್ಪ ಪುಟ್ಟಿ ಮೆತ್ತಿದ್ದಲ್ಲಿ ಜಾರುತ್ತದೆ. ಬಂಪರ್ ಪ್ಲಾಸ್ಟಿಕ್ಕಿನದು, ಅಲ್ಲಿ ಹಿಡಿಯುವುದಿಲ್ಲ.

ನಾಲ್ಕೂ ಬಾಗಿಲುಗಳನ್ನು ನೀವೇ ತೆರೆದು ಮುಚ್ಚಿ. ಸಂದಿಗಳು ಎರಡೂ ಬದಿಯಲ್ಲಿ ಸಮವಾಗಿರಬೇಕು. ಬಾಗಿಲಿನ ಸುತ್ತಲಿನ ರಬ್ಬರನ್ನು ಸ್ವಲ್ಪ ಎಳೆದು ನೋಡಿದರೆ ಕಾರ್ಖಾನೆಯ ಚುಕ್ಕಿ ಬೆಸುಗೆಗಳು ಸಣ್ಣ ಗುಂಡಿಗಳಂತೆ ಸಾಲಾಗಿ ಕಾಣುತ್ತವೆ. ಅವು ಇಲ್ಲದಿದ್ದರೆ, ಅಥವಾ ಅಲ್ಲಿ ಗ್ಯಾಸ್ ಬೆಸುಗೆಯ ಗಂಟುಗಳಿದ್ದರೆ ಆ ಭಾಗ ಮತ್ತೆ ಜೋಡಿಸಿದ್ದು.

ಮ್ಯಾಟು ಎತ್ತಿ ಕೈಯಿಂದ ಮುಟ್ಟಿ, ವಾಸನೆ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯನ್ನೂ ನೋಡಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗೆ ಉಳಿದ ಭಾಗದಲ್ಲಿ ಮಣ್ಣಿನ ಗೆರೆ ಇದ್ದರೆ ಗಾಡಿ ನೀರಿನಲ್ಲಿ ನಿಂತದ್ದು. ಕೀಲಿ ತಿರುವಿದಾಗ ಏರ್‌ಬ್ಯಾಗಿನ ದೀಪ ಹತ್ತಿ, ಕೆಲವು ಕ್ಷಣಗಳಲ್ಲಿ ಆರಬೇಕು. ಆರದೆ ಉರಿಯುತ್ತಿದ್ದರೆ ದೋಷವಿದೆ. ಹತ್ತಲೇ ಇಲ್ಲವೆಂದರೆ ದೀಪವನ್ನೇ ಕಿತ್ತಿರಬಹುದು. ಕೊನೆಗೆ ಗ್ಯಾರೇಜಿನಲ್ಲಿ ಮೇಲೆತ್ತಿಸಿ ಕೆಳಗಿನಿಂದ ನೋಡದೆ ಮುಂಗಡ ಕೊಡಬೇಡಿ. ಕೆಳಗೆ ಹೊಸದಾಗಿ ಕರಿ ಬಣ್ಣ ಬಳಿದಿದ್ದರೆ ಏಕೆಂದು ಕೇಳಿ.

ಕಾಗದಪತ್ರದಲ್ಲೂ ಎಚ್ಚರ ಬೇಕು. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿನ ನಂಬರಿನೊಡನೆ ಹೋಲಿಸಿ. ಕಾರಿನ ಮೇಲೆ ಸಾಲ ಬಾಕಿ ಇದೆಯೇ ನೋಡಿ. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿ, ಹೆಸರು ವರ್ಗಾವಣೆಯನ್ನು ತಡಮಾಡದೆ ಮುಗಿಸಿ. ಮಾರುವವರಿಗೂ ಇದು ಮುಖ್ಯ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಅದನ್ನು ಮುಂದುವರಿಸುವ ಶುಲ್ಕವನ್ನು 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿಸಲಾಯಿತು. ಅಗ್ಗದ ಕಾರಿನ ಲೆಕ್ಕದಲ್ಲಿ ಇದೂ ಸೇರಬೇಕು.

ಎಂತಹ ಕಾರಾದರೂ ಹಿಂದಿನ ಸೀಟಿನವರೂ ಬೆಲ್ಟ್ ಹಾಕಿಕೊಳ್ಳಿ. 2022ರಲ್ಲಿ ನಮ್ಮ ದೇಶದಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ ಎಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅವರಲ್ಲಿ ಸುಮಾರು ಅರ್ಧದಷ್ಟು ಜನ ಚಾಲಕರಲ್ಲ, ಪ್ರಯಾಣಿಕರು. ಮಡಿಲಿನ ಮಗುವನ್ನು ತಾಯಿಯ ಕೈ ಹಿಡಿದುಕೊಳ್ಳುತ್ತದೆ ಎಂಬ ನಂಬಿಕೆ ಬೇಡ. ಡಿಕ್ಕಿಯ ಕ್ಷಣದಲ್ಲಿ ಯಾವ ತಾಯಿಯ ಕೈಗೂ ಆ ಬಲವಿರುವುದಿಲ್ಲ. ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಮ್ಮ ಕಾಲದ ಒಂಟೆಗೆ ಬೆಲ್ಟೇ ಹಗ್ಗ.

ನನ್ನ ಅತ್ತೆಯವರು ಈಗ ಇಲ್ಲ. 2024ರ ರಮಝಾನಿಗೆ ಮುಂಚೆ ಅಲ್ಲಾಹನ ಕರೆಗೆ ಓಗೊಟ್ಟರು. ಕೊನೆಯ ಒಂದು ವರ್ಷ ಆ ಮಾಸಿದ ಬಣ್ಣದ ಕಾರಿನಲ್ಲೇ ಆಸ್ಪತ್ರೆಗೆ ಹೋಗಿಬಂದರು. ಬೆಲ್ಟ್ ಹಾಕಿಕೊಳ್ಳಲು ಮೊದಮೊದಲು ನಾಚುತ್ತಿದ್ದರು, ಆಮೇಲೆ ಮೊಮ್ಮಗನಿಗೆ ತಾವೇ ಹಾಕುತ್ತಿದ್ದರು.

ಹೋದ ಬಕ್ರೀದಿನ ಸಂತೆಯಲ್ಲಿ ಆ ಹುನಗುಂದದ ಕಡೆಯ ಹೆಣ್ಣುಮಗಳು ನನ್ನನ್ನು ಗುರುತು ಹಿಡಿದಳು. ಅಂದಿನ ಕೂಸು ಈಗ ಆಕೆಯ ಕೈ ಹಿಡಿದು ನಡೆಯುತ್ತಿತ್ತು. “ಅಕ್ಕಾರ, ನಾವಿನ್ನೂ ಗಾಡಿ ತಗೊಂಡಿಲ್ರಿ. ಬಸ್ಸಿನಾಗs ಅಡ್ಡಾಡ್ತೀವ್ರಿ” ಎಂದು ನಕ್ಕಳು. ಕೊಳ್ಳುವಾಗ ನನಗೊಂದು ಫೋನು ಮಾಡು ಎಂದು ನಂಬರು ಕೊಟ್ಟು ಬಂದಿದ್ದೇನೆ. ಅಯಸ್ಕಾಂತ ಈಗಲೂ ನನ್ನ ಪರ್ಸಿನಲ್ಲೇ ಇದೆ.